ಇಂಗಾಲದ ಪೇಟೆ: ರುಜು ಹಾಕುವ ಮುನ್ನ ಸ್ವಲ್ಪ ಲೆಕ್ಕ



ಕಳೆದ ಕೆಲವು ತಿಂಗಳಿನಿಂದ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಹಲವರು ಗೊಬ್ಬರದ ದಾಸ್ತಾನು, ಕಾಫಿ ಅಡಕೆಗಳ ಧಾರಣೆ ಎಲ್ಲವನ್ನೂ ವಿಚಾರಿಸಿದ ಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಒಂದು ಪ್ರಶ್ನೆ ಕೇಳುತ್ತಿದ್ದಾರೆ: "ಸ್ವಾಮಿ, ಈ ಕಾರ್ಬನ್ ದುಡ್ಡು ಅಂತಾರಲ್ಲ, ದಿಟವಾ?"

ಪ್ರಶ್ನೆಗೆ ಕಾರಣವಿದೆ. ಒಂದು ಖಾಸಗಿ ಕಂಪನಿಯ ಪರವಾಗಿ ಇಬ್ಬರು ತರುಣರು ಗುಂಡ್ಲುಪೇಟೆಯ ಕಡೆಯ ಹಳ್ಳಿಗಳಲ್ಲೂ ಬೆಟ್ಟದ ತಪ್ಪಲಿನಲ್ಲೂ ಓಡಾಡಿ, "ನಿಮ್ಮ ಮರಗಳಿಗೆ ವಿದೇಶದಿಂದ ಹಣ ಬರುತ್ತದೆ, ನೀವು ಏನೂ ಮಾಡಬೇಕಾಗಿಲ್ಲ, ಇಲ್ಲೊಂದು ರುಜು ಹಾಕಿ" ಎಂದು ಹೇಳಿಹೋಗಿದ್ದಾರೆ. ನಮ್ಮ ಹಿರಿಯ ಸದಸ್ಯರೊಬ್ಬರು ಆ ಕರಾರು ಪತ್ರವನ್ನು ಚೀಲದಲ್ಲಿಟ್ಟುಕೊಂಡು ಕಚೇರಿಗೆ ಬಂದರು. "ಮಗ ರುಜು ಹಾಕಪ್ಪ ಅಂತಾನೆ. ನೀವೊಂದು ಸಲ ನೋಡಿ" ಎಂದರು. ಪತ್ರ ಇಂಗ್ಲಿಷಿನಲ್ಲಿ ಇಪ್ಪತ್ತೆರಡು ಪುಟ. ಅವಧಿ ನಲವತ್ತು ವರ್ಷ. ಅವರಿಗೆ ಈಗ ಅರವತ್ತಮೂರು. ಕರಾರು ಮುಗಿಯುವ ಹೊತ್ತಿಗೆ, ಇಂದು ಶಾಲೆಗೆ ಹೋಗುತ್ತಿರುವ ಅವರ ಮೊಮ್ಮಗನಿಗೆ ಐವತ್ತು ಆಗಿರುತ್ತದೆ.

ನಾವು ಅದನ್ನು ಎರಡು ರಾತ್ರಿ ಕುಳಿತು ಓದಿದೆವು. ಅದರಲ್ಲಿ ಮೋಸವೇ ತುಂಬಿದೆ ಎಂದು ಹೇಳಲಾರೆವು. ಆದರೆ ಮಾರುವ ಸರಕು ಏನು, ಅದರ ಬೆಲೆ ಎಷ್ಟು, ಹೊಣೆ ಯಾರದು ಎಂಬುದು ತಿಳಿಯದೆ ರುಜು ಹಾಕುವ ಪತ್ರವಂತೂ ಅಲ್ಲ. ಆದ್ದರಿಂದ ಈ ಸಂಚಿಕೆಯಲ್ಲಿ ಆ ವಿಷಯವನ್ನೇ ನಮಗೆ ತಿಳಿದಂತೆ ವಿವರಿಸುತ್ತಿದ್ದೇವೆ.

ಮಾರುವ ಸರಕು ಯಾವುದು?

ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟಾಗ ಇಂಗಾಲದ ಡೈಆಕ್ಸೈಡ್, ಅಂದರೆ ನಾವು ಶಾಲೆಯಲ್ಲಿ ಇಂಗಾಲಾಮ್ಲ ಎಂದು ಓದಿದ ಅನಿಲ, ಗಾಳಿಗೆ ಸೇರುತ್ತದೆ. ಯಂತ್ರಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇದು ಸುಮಾರು 280 ಭಾಗವಿತ್ತು. 2024ರಲ್ಲಿ 420 ಭಾಗವನ್ನು ದಾಟಿದೆ. ಈ ಅನಿಲ ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ಹೂಮಳೆ ಹಿಂದುಮುಂದಾಗುವುದು, ಕೊಯ್ಲಿನ ಕಾಲದಲ್ಲಿ ಮಳೆ ಸುರಿದು ಕಣದ ಕಾಫಿ ನೆನೆಯುವುದು ಮುಂತಾದ ಏರುಪೇರುಗಳು ಶಾಖ ಏರಿದಷ್ಟೂ ಹೆಚ್ಚುತ್ತವೆ ಎಂಬುದು ವಿಜ್ಞಾನಿಗಳ ಎಚ್ಚರಿಕೆ.

ಇದಕ್ಕೆ ಎರಡು ಬಗೆಯ ಕೆಲಸವಾಗಬೇಕು. ನಮ್ಮ ಊರ ಕೆರೆಯನ್ನೇ ನೆನೆಯೋಣ. ಹೊಸ ಹೂಳು ಬರದಂತೆ ಮೇಲಿನ ಹೊಲಗಳಿಗೆ ಬದು ಹಾಕುವುದು ಒಂದು ಕೆಲಸ. ಈಗಾಗಲೇ ತುಂಬಿರುವ ಹೂಳನ್ನು ಎತ್ತುವುದು ಇನ್ನೊಂದು ಕೆಲಸ. ಕಾರ್ಖಾನೆಯ ಹೊಗೆ ಕಡಿಮೆ ಮಾಡುವುದು ಬದು ಹಾಕಿದಂತೆ. ಗಾಳಿಗೆ ಸೇರಿರುವ ಇಂಗಾಲಾಮ್ಲವನ್ನು ಹಿಂದಕ್ಕೆ ಎಳೆದು ಮರದಲ್ಲಿ, ಮಣ್ಣಿನಲ್ಲಿ, ಕಲ್ಲಿನಲ್ಲಿ ಕೂಡಿಡುವುದು ಹೂಳೆತ್ತಿದಂತೆ. ಬರಿಯ ಹೂಳೆತ್ತಿ ಬದು ಹಾಕದಿದ್ದರೆ ಪ್ರಯೋಜನವಿಲ್ಲ. ಬದು ಮಾತ್ರ ಹಾಕಿದರೂ ಸಾಲದು, ಎರಡೂ ಬೇಕು ಎಂದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಮಂಡಳಿ 2018ರ ಮತ್ತು 2022ರ ವರದಿಗಳಲ್ಲಿ ಹೇಳಿದೆ.

ಇನ್ನೊಂದು ಮಾತು. ಎತ್ತಿದ ಹೂಳನ್ನು ಕೆರೆಯ ಏರಿಯ ಮೇಲೆಯೇ ಸುರಿದರೆ ಮುಂದಿನ ಮಳೆಗೆ ಅದು ಮತ್ತೆ ಕೆರೆಗೇ ಬರುತ್ತದೆ. ದೂರ ಸಾಗಿಸಿ ಹೊಲಕ್ಕೆ ಹಾಕಿದರೆ ಮಾತ್ರ ಹೂಳೆತ್ತಿದ್ದು ಸಾರ್ಥಕ. ಇಂಗಾಲದ ವಿಷಯದಲ್ಲೂ ಹಾಗೆಯೇ. ಎಳೆದದ್ದು ಎಷ್ಟು ವರ್ಷ ಹಿಂದಿರುಗದೆ ಇರುತ್ತದೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ.

ಒಂದು ಟನ್ ಇಂಗಾಲಾಮ್ಲವನ್ನು ತಪ್ಪಿಸಿದ್ದಕ್ಕೋ ಹಿಂದಕ್ಕೆ ಎಳೆದದ್ದಕ್ಕೋ ಕೊಡುವ ಪ್ರಮಾಣಪತ್ರಕ್ಕೆ ಕಾರ್ಬನ್ ಕ್ರೆಡಿಟ್ ಎನ್ನುತ್ತಾರೆ. ತಮ್ಮ ಹೊಗೆಯನ್ನು ಪೂರಾ ನಿಲ್ಲಿಸಲಾಗದ ಕಂಪನಿಗಳು ಇದನ್ನು ಕೊಳ್ಳುತ್ತವೆ. ಆದ್ದರಿಂದ ಸದಸ್ಯರು ಒಂದನ್ನು ಗಮನಿಸಬೇಕು. ಈ ಪೇಟೆಯಲ್ಲಿ ಮಾರಾಟವಾಗುವುದು ನಿಮ್ಮ ಮರವಲ್ಲ, ಎಲೆಯಲ್ಲ, ಕಾಯಲ್ಲ. ಮಾರಾಟವಾಗುವುದು "ಇಷ್ಟು ಇಂಗಾಲವನ್ನು ಇಷ್ಟು ವರ್ಷ ಹಿಡಿದಿಡುತ್ತೇನೆ" ಎಂಬ ನಿಮ್ಮ ಮಾತು. ಕಾಫಿ ಮೂಟೆ ತೂಗಿ ಕೊಟ್ಟರೆ ವ್ಯವಹಾರ ಮುಗಿಯಿತು. ಇಲ್ಲಿ ಹಣ ಬಂದ ದಿನ ವ್ಯವಹಾರ ಶುರುವಾಗುತ್ತದೆ.

ಒಂದು ಮರದ ಲೆಕ್ಕ

ಮರದ ಒಣ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲ. ಒಂದು ಕಿಲೋ ಇಂಗಾಲ ಮರದಲ್ಲಿ ಕೂಡಬೇಕಾದರೆ ಗಾಳಿಯಿಂದ 3.67 ಕಿಲೋ ಇಂಗಾಲಾಮ್ಲ ಇಳಿದಿರಬೇಕು. ಇದು ರಸಾಯನ ಶಾಸ್ತ್ರದ ಲೆಕ್ಕ, ಯಾವ ಕಂಪನಿಯೂ ಬದಲಾಯಿಸುವಂತಿಲ್ಲ.

ಕಾಂಡ, ಕೊಂಬೆ, ಬೇರು ಸೇರಿ 300 ಕಿಲೋ ಒಣ ತೂಕದ ಒಂದು ಸಿಲ್ವರ್ ಮರ ಇದೆಯೆನ್ನೋಣ. ಅದರಲ್ಲಿ ಇಂಗಾಲ 150 ಕಿಲೋ. ಅದು ಹಿಡಿದಿಟ್ಟ ಇಂಗಾಲಾಮ್ಲ ಸುಮಾರು 550 ಕಿಲೋ. ಅಂದರೆ ಎರಡು ಮರಕ್ಕೆ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು.

ಈಗ ಒಬ್ಬ ಸದಸ್ಯರು ಬರಡು ಬಿಟ್ಟಿದ್ದ ಒಂದು ಎಕರೆಯಲ್ಲಿ ಹೊಸದಾಗಿ ನೂರು ಗಿಡ ನೆಟ್ಟರೆಂದು ಇಟ್ಟುಕೊಳ್ಳೋಣ. ಆನೆ, ಬರಗಾಲ, ಗೆದ್ದಲು ಎಲ್ಲ ಕಳೆದು ಎಂಬತ್ತು ಮರ ಉಳಿದು, ಇಪ್ಪತ್ತು ವರ್ಷಕ್ಕೆ ಒಂದೊಂದೂ ಮೇಲೆ ಹೇಳಿದ ತೂಕಕ್ಕೆ ಬಂದವು. ಒಟ್ಟು 44 ಟನ್. ಬೆಂಕಿ, ಗಾಳಿ, ರೋಗಗಳಿಂದ ಆಗಬಹುದಾದ ನಷ್ಟಕ್ಕೆಂದು ಪ್ರಮಾಣಪತ್ರ ಕೊಡುವ ಸಂಸ್ಥೆಗಳು ಒಂದು ಪಾಲನ್ನು ಆಪದ್ಧನದಂತೆ ಹಿಡಿದಿಡುತ್ತವೆ. ಅದನ್ನು ಐದರಲ್ಲಿ ಒಂದು ಪಾಲು ಎಂದು ಹಿಡಿದರೆ ಮಾರಲು ಸಿಗುವುದು 35.2 ಟನ್. ಲೆಕ್ಕಕ್ಕಾಗಿ ಟನ್ನಿಗೆ ಒಂದು ಸಾವಿರ ರೂಪಾಯಿ ಇಟ್ಟರೆ ರೂ. 35,200. ಅಳತೆ, ತಪಾಸಣೆ, ನೋಂದಣಿ, ದಲ್ಲಾಳಿ ಎಂದು ಕಂಪನಿ ನೂರಕ್ಕೆ ನಲವತ್ತು ಹಿಡಿದುಕೊಂಡರೆ ಬೆಳೆಗಾರನಿಗೆ ಉಳಿಯುವುದು ರೂ. 21,120. ಇಪ್ಪತ್ತು ವರ್ಷಕ್ಕೆ ಹಂಚಿದರೆ ಎಕರೆಗೆ ವರ್ಷಕ್ಕೆ ರೂ. 1,056.

ಧಾರಣೆ ಎರಡೂವರೆ ಪಟ್ಟು ಸಿಕ್ಕಿದರೂ ವರ್ಷಕ್ಕೆ ರೂ. 2,640. ಒಂದೆರಡು ದಿನ ಕೊಯ್ಲಿಗೆ ನಾಲ್ಕಾಳು ಕರೆದರೆ ಖರ್ಚಾಗುವ ಹಣವಿದು. ನಮ್ಮ ಅಂದಾಜಿನ ಅಂಕಿಗಳನ್ನು ನೀವು ಬದಲಾಯಿಸಿಕೊಂಡು ಲೆಕ್ಕ ಮಾಡಬಹುದು. ಮರ ಬೇಗ ದಪ್ಪವಾದರೆ ಸ್ವಲ್ಪ ಹೆಚ್ಚು ಬಂದೀತು. ಆದರೆ "ಎಕರೆಗೆ ವರ್ಷಕ್ಕೆ ಇಪ್ಪತ್ತು ಸಾವಿರ" ಎಂದು ಯಾರಾದರೂ ಹೇಳಿದರೆ, ಎಷ್ಟು ಮರ, ಎಷ್ಟು ಟನ್, ಯಾವ ಧಾರಣೆ ಎಂದು ಅಲ್ಲಿಯೇ ಕೂರಿಸಿ ಬರೆಸಿಕೊಳ್ಳಿ.

ಇರುವ ನೆರಳಿಗೆ ಏಕೆ ಹಣವಿಲ್ಲ?

ಕಾಫಿ ಬೆಳೆಗಾರರು ಈ ಮಾತನ್ನು ಕೇಳಿ ಬೇಸರಪಡುತ್ತಾರೆ. ಬೇಡಗುಳಿ, ಬಿಳಿಗಿರಿರಂಗನ ಬೆಟ್ಟದ ತೋಟಗಳಲ್ಲಿ ತಲೆಮಾರಿನಿಂದ ಕಾಪಾಡಿಕೊಂಡು ಬಂದ ನೆರಳಿನ ಮರಗಳಿವೆ. ಕಾಡಿನ ಮರ ಕಡಿಯದೆ ಅದರ ಕೆಳಗೆ ಕಾಫಿ ಬೆಳೆದವರಿಗೆ ಏನೂ ಇಲ್ಲ, ಬೋಳು ಮಾಡಿ ಹೊಸದಾಗಿ ನೆಟ್ಟವನಿಗೆ ಹಣ ಎಂದರೆ ಇದು ಯಾವ ನ್ಯಾಯ ಎಂದು ಕೇಳುವುದು ಸಹಜ.

ಕೊಳ್ಳುವವನ ವಾದ ಹೀಗಿದೆ. ತನ್ನ ಹಣ ಬಾರದೆ ಇದ್ದಿದ್ದರೂ ಆ ಮರ ಅಲ್ಲಿ ಇರುತ್ತಿತ್ತು. ತನ್ನ ಹಣದಿಂದ ಹೊಸದಾಗಿ ಇಳಿದ ಇಂಗಾಲಕ್ಕೆ ಮಾತ್ರ ತಾನು ಬೆಲೆ ಕೊಡುತ್ತೇನೆ. ಇದನ್ನು ಹೆಚ್ಚುವರಿ ತತ್ತ್ವ ಎನ್ನಬಹುದು. ಹಣದ ಆಸೆಗೆ ಹಳೆಯ ಕಾಡು ಕಡಿದು ಹೊಸ ಗಿಡ ನೆಟ್ಟು ಲೆಕ್ಕ ತೋರಿಸಬಾರದೆಂದು, ಯೋಜನೆಗೆ ಹಲವು ವರ್ಷ ಮೊದಲಿನ ನೆಲದ ಸ್ಥಿತಿಯನ್ನೂ ಉಪಗ್ರಹದ ಚಿತ್ರಗಳಲ್ಲಿ ನೋಡುತ್ತಾರೆ. ಆದ್ದರಿಂದ "ನಿಮ್ಮ ಇರುವ ಮರಗಳಿಗೆ ಹಣ" ಎಂದು ಹೇಳುವವರ ಮಾತನ್ನು ಎರಡು ಸಲ ವಿಚಾರಿಸಬೇಕು. ಒಂದೋ ಅವರಿಗೇ ನಿಯಮ ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಾಗುವುದು ಅವರಿಗೆ ಬೇಕಿಲ್ಲ.

ಕೊಳವೆಬಾವಿಯ ನೀರಿನಲ್ಲಿ ಹೊಸದಾಗಿ ಅಡಕೆ ಹಾಕಿರುವ ಬಯಲಿನ ಸದಸ್ಯರಿಗೂ ಒಂದು ಮಾತು. ಅಡಕೆ ಲಾಭದ ಬೆಳೆ. ಕ್ರೆಡಿಟ್ ಹಣವಿಲ್ಲದಿದ್ದರೂ ನೀವು ಅದನ್ನು ಹಾಕುತ್ತಿದ್ದಿರಿ. ಸಿಲ್ವರಿನಂತೆ ಅದು ದಪ್ಪ ಕಾಂಡದ, ಕೊಂಬೆಯ ಮರವೂ ಅಲ್ಲ. ಇಂಗಾಲದ ಹಣ ನಂಬಿಕೊಂಡು ಅಡಕೆ ವಿಸ್ತರಿಸಿ, ಇರುವ ಅಂತರ್ಜಲವನ್ನು ಬತ್ತಿಸಿಕೊಳ್ಳುವುದು ಬೇಡ.

ಕಡಿಯುವ ಹಕ್ಕು ಮತ್ತು ಬೆಂಕಿಯ ಭಯ

ಸಿಲ್ವರ್ ಮರ ನಮ್ಮವರಿಗೆ ಬರಿಯ ನೆರಳಲ್ಲ. ಮೆಣಸಿನ ಬಳ್ಳಿಗೆ ಆಸರೆ, ಮಗಳ ಮದುವೆಗೆ, ಆಸ್ಪತ್ರೆಯ ಖರ್ಚಿಗೆ ಒದಗುವ ಇಡುಗಂಟು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರಲ್ಲಿ ಕಡಿಯಲು ಅನುಮತಿ ಬೇಕಿಲ್ಲದ ಜಾತಿಗಳ ಪಟ್ಟಿಯಲ್ಲಿ ಸಿಲ್ವರ್ ಸೇರಿದೆ. ಅಂದರೆ ಸರ್ಕಾರ ಬೆಳೆಗಾರನಿಗೆ ಬಿಟ್ಟಿರುವ ಸ್ವಾತಂತ್ರ್ಯ ಅದು. ವರ್ಷಕ್ಕೆ ಸಾವಿರ ರೂಪಾಯಿಗೆ ನಲವತ್ತು ವರ್ಷದ ಕರಾರು ಬರೆದುಕೊಟ್ಟರೆ ಆ ಸ್ವಾತಂತ್ರ್ಯವನ್ನು ನಾವೇ ಕೈಯಾರೆ ಕೊಟ್ಟಂತೆ. ನಾವು ಓದಿದ ಪತ್ರದಲ್ಲಿ, ನೋಂದಾಯಿಸಿದ ಮರವನ್ನು ಒಪ್ಪಿಗೆಯಿಲ್ಲದೆ ಕಡಿದರೆ ಅದುವರೆಗೆ ಪಡೆದ ಹಣವನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು ಎಂಬ ಕಲಮು ಹದಿನೇಳನೆಯ ಪುಟದಲ್ಲಿತ್ತು. ಹಳ್ಳಿಗೆ ಬಂದ ತರುಣರು ಅದನ್ನು ಹೇಳಿರಲಿಲ್ಲ.

ಇನ್ನು ಬೆಂಕಿ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ, ಗೋಪಾಲಸ್ವಾಮಿ ಬೆಟ್ಟದ ಸುತ್ತ, ಕೆಲವೇ ದಿನಗಳಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿದ್ದನ್ನು ಗುಂಡ್ಲುಪೇಟೆಯವರು ಮನೆಯಂಗಳದಲ್ಲಿ ನಿಂತು ನೋಡಿದ್ದಾರೆ. ಆ ಹೊಗೆಯೊಂದಿಗೆ ಮರಗಳು ಕೂಡಿಟ್ಟ ಇಂಗಾಲ ಗಾಳಿಗೆ ವಾಪಸಾಯಿತು. ಕಾಡಂಚಿನ ತೋಟಗಳಿಗೂ ಈ ಭಯ ಇದ್ದೇ ಇದೆ. ಬೆಂಕಿ ಬಿದ್ದರೆ, ಆನೆ ನುಗ್ಗಿ ಗಿಡ ಮುರಿದರೆ ಹೊಣೆ ಬೆಳೆಗಾರನದೋ ಕಂಪನಿಯದೋ ಎಂಬುದು ಕರಾರಿನಲ್ಲಿ ಸ್ಪಷ್ಟವಾಗಿರಬೇಕು.

ಸರ್ಕಾರದ ನಿಯಮಗಳು ಎಲ್ಲಿಗೆ ಬಂದಿವೆ?

ಪೇಟೆಯಲ್ಲಿ ಎರಡು ಬಗೆ. ಒಂದು ಕಡ್ಡಾಯದ ಪೇಟೆ, ಇನ್ನೊಂದು ಸ್ವಇಚ್ಛೆಯ ಪೇಟೆ.

ಕಡ್ಡಾಯದ ಪೇಟೆಗಾಗಿ ಕೇಂದ್ರ ಸರ್ಕಾರ 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದು, 2023ರ ಜೂನ್ ತಿಂಗಳಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯನ್ನು ಪ್ರಕಟಿಸಿತು. 2025ರ ಅಕ್ಟೋಬರಿನಲ್ಲಿ ಸಿಮೆಂಟು, ಅಲ್ಯುಮಿನಿಯಂ, ಕಾಗದ, ಕ್ಲೋರ್-ಆಲ್ಕಲಿ ಈ ನಾಲ್ಕು ಉದ್ಯಮಗಳ 282 ಘಟಕಗಳಿಗೆ ಹೊಗೆಯ ಮಿತಿ ಗೊತ್ತುಪಡಿಸಿತು. ಮಿತಿ ಮೀರಿದವರು ಕ್ರೆಡಿಟ್ ಕೊಳ್ಳಬೇಕು, ಮಿತಿಗಿಂತ ಕಡಿಮೆ ಮಾಡಿದವರು ಮಾರಬಹುದು. ಇದು ಮುಖ್ಯವಾಗಿ ಕಾರ್ಖಾನೆಗಳ ನಡುವಣ ವ್ಯವಹಾರ.

ಮಿತಿಯ ಕಟ್ಟಿಗೆ ಒಳಪಡದವರೂ ಯೋಜನೆ ನೋಂದಾಯಿಸಿ ಕ್ರೆಡಿಟ್ ಪಡೆಯಲು 2023ರ ಡಿಸೆಂಬರಿನ ತಿದ್ದುಪಡಿ ದಾರಿ ಮಾಡಿತು. ಕೃಷಿ, ಅರಣ್ಯ ಕ್ಷೇತ್ರಗಳನ್ನು ಅದರ ಮೊದಲ ಹಂತದಲ್ಲೇ ಸೇರಿಸಲಾಗಿದೆ. ಇದಲ್ಲದೆ 2024ರ ಜನವರಿಯಲ್ಲಿ ಕೇಂದ್ರ ಕೃಷಿ ಮಂತ್ರಾಲಯ, ಸಣ್ಣ ಹಾಗೂ ಮಧ್ಯಮ ರೈತರಿಗೂ ಪ್ರಯೋಜನವಾಗಲೆಂದು, ಸ್ವಇಚ್ಛೆಯ ಇಂಗಾಲದ ಪೇಟೆಗೆ ಒಂದು ಮಾರ್ಗಸೂಚಿ ಚೌಕಟ್ಟನ್ನು ಹೊರಡಿಸಿತು. 2023ರ ಅಕ್ಟೋಬರಿನ ಗ್ರೀನ್ ಕ್ರೆಡಿಟ್ ನಿಯಮಗಳು ಬೇರೆ ವಿಷಯ. ಹೆಸರು ಒಂದೇ ಥರ ಕೇಳಿಸುತ್ತದೆಂದು ಎರಡನ್ನೂ ಬೆರೆಸಬಾರದು.

ಸದ್ಯಕ್ಕೆ ಹಳ್ಳಿಗಳಿಗೆ ಬರುತ್ತಿರುವ ಕಂಪನಿಗಳು ಹೆಚ್ಚಾಗಿ ಸ್ವಇಚ್ಛೆಯ ಪೇಟೆಯವು. ಇಲ್ಲಿ ಪ್ರಮಾಣಪತ್ರ ಕೊಡುವುದು ವಿದೇಶದ ಖಾಸಗಿ ಸಂಸ್ಥೆಗಳು. 2023ರ ಜನವರಿಯಲ್ಲಿ ಬ್ರಿಟನ್ ಮತ್ತು ಜರ್ಮನಿಯ ಪತ್ರಿಕೆಗಳು, ಅತಿ ದೊಡ್ಡ ಸಂಸ್ಥೆಯೊಂದು ಪ್ರಮಾಣೀಕರಿಸಿದ್ದ ಮಳೆಕಾಡು ಉಳಿಸುವ ಕ್ರೆಡಿಟ್ಟುಗಳಲ್ಲಿ ಬಹುಪಾಲು ಹುಸಿ ಎಂದು ಬರೆದವು. ಆ ಸಂಸ್ಥೆ ಅದನ್ನು ಒಪ್ಪಲಿಲ್ಲ. ಆದರೂ ಕೊಳ್ಳುವವರು ಹಿಂಜರಿದರು. ಅಂದಿನಿಂದ ಅಗ್ಗದ ಕ್ರೆಡಿಟ್ಟಿನಿಂದ ದೂರ ಸರಿದು, ಅಳತೆ ಖಚಿತವಾಗಿರುವ, ಬಹುಕಾಲ ಉಳಿಯುವ ಇಂಗಾಲಕ್ಕೆ ಹೆಚ್ಚು ಬೆಲೆ ಕೊಡುವ ಕೊಳ್ಳುಗರೂ ಕಾಣಿಸಿಕೊಂಡಿದ್ದಾರೆ. ಈ ಬದಲಾವಣೆ ನಮಗೆ ಮುಖ್ಯ.

ಬಾಗೇಪಲ್ಲಿ ಮತ್ತು ಅರಕು ಕಲಿಸುವ ಪಾಠ

ಇದೆಲ್ಲ ನಮ್ಮ ರಾಜ್ಯಕ್ಕೆ ಹೊಸದಲ್ಲ. ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ, ಆಗ ಕೋಲಾರಕ್ಕೆ ಸೇರಿದ್ದ ಬಾಗೇಪಲ್ಲಿಯಲ್ಲಿ ಕೂಲಿ ಸಂಘವೆಂಬ ಬಡ ರೈತ ಕೂಲಿಕಾರರ ಸಂಘಟನೆ ಇದೆ. ಮನೆಮನೆಗೆ ಸಗಣಿ ಅನಿಲದ ಸ್ಥಾವರ ಕಟ್ಟಿ, ಸೌದೆ ಮತ್ತು ಸೀಮೆಎಣ್ಣೆ ಉಳಿಸುವ ಅದರ ಯೋಜನೆ 2005ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ವ್ಯವಸ್ಥೆಯಡಿ ನೋಂದಣಿಯಾಯಿತು. ಗುರಿ 5,500 ಸ್ಥಾವರ. ಒಂದು ಕುಟುಂಬದ ಲೆಕ್ಕಕ್ಕೆ ವರ್ಷಕ್ಕೆ ಸುಮಾರು ಮೂರೂವರೆ ಟನ್. ಇದು ಹೊಗೆ ತಪ್ಪಿಸುವ, ಅಂದರೆ ಬದು ಹಾಕುವ ಕೆಲಸವೇ ಹೊರತು ಹೂಳೆತ್ತುವ ಕೆಲಸವಲ್ಲ. ಆದರೆ ಪಾಠ ನಮಗೂ ಅನ್ವಯಿಸುತ್ತದೆ. ಅಲ್ಲಿ ಒಂಟಿ ಒಂಟಿಯಾಗಿ ಯಾರೂ ರುಜು ಹಾಕಲಿಲ್ಲ. ಯೋಜನೆ ಸಂಘದ ಕೈಯಲ್ಲಿತ್ತು, ಮನೆಮನೆಯ ಲೆಕ್ಕವನ್ನು ಸಂಘದವರೇ ಬರೆದಿಟ್ಟರು. ಮೂರೂವರೆ ಟನ್ನಿಗೆ ಯಾವ ವಿದೇಶಿ ಕಂಪನಿಯೂ ಒಂದು ಮನೆಯ ಬಾಗಿಲಿಗೆ ಬರುವುದಿಲ್ಲ. ಸಾವಿರಾರು ಮನೆ ಸೇರಿದರೆ ಬರುತ್ತದೆ.

ಎರಡನೆಯ ಪಾಠವೂ ಆ ಕಾಲದ್ದೇ. 2008ರಲ್ಲಿ ಯೂರೋಪಿನ ಪೇಟೆಯಲ್ಲಿ ಇಂತಹ ಕ್ರೆಡಿಟ್ಟಿಗೆ ಟನ್ನಿಗೆ 20 ಯೂರೋ ಸುಮಾರಿಗೆ ಇದ್ದ ಬೆಲೆ, 2012ರ ಕೊನೆಯ ಹೊತ್ತಿಗೆ ಒಂದು ಯೂರೋಗಿಂತ ಕೆಳಗೆ ಬಿತ್ತು. ನಮ್ಮಲ್ಲಿ 2003ರ ಸುಮಾರಿಗೆ ಹಸಿ ವೆನಿಲ್ಲಾ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಬಂದದ್ದೂ, ಎರಡು ಮೂರು ವರ್ಷದಲ್ಲಿ ಕೇಳುವವರಿಲ್ಲದೆ ಹೋದದ್ದೂ ಹಲವರಿಗೆ ನೆನಪಿರಬಹುದು. ನಮ್ಮ ತೋಟದಲ್ಲೂ ಆಗ ಇನ್ನೂರು ಬಳ್ಳಿ ಹಬ್ಬಿಸಿ ಕೈಸುಟ್ಟುಕೊಂಡಿದ್ದೇವೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ತಪ್ಪನ್ನು ಎರಡನೆಯ ಸಲ ಮಾಡಬಾರದು.

ಕಾಫಿಯದೇ ಉದಾಹರಣೆ ಬೇಕೆಂದರೆ ಆಂಧ್ರದ ಅರಕು ಕಣಿವೆಯನ್ನು ನೋಡಬಹುದು. ಅಲ್ಲಿನ ಆದಿವಾಸಿ ಸಣ್ಣ ಬೆಳೆಗಾರರ ಜಮೀನಿನಲ್ಲಿ ನಾಂದಿ ಪ್ರತಿಷ್ಠಾನದ ಮೂಲಕ ಹಣ್ಣಿನ ಮರ, ನೆರಳಿನ ಮರ, ಕಾಫಿ ಗಿಡಗಳನ್ನು ಲಕ್ಷಗಟ್ಟಲೆ ನೆಡಲಾಯಿತು. ನೆಡುವ ಖರ್ಚನ್ನು ಯೂರೋಪಿನ ಕಂಪನಿಗಳು ಸೇರಿ ಸ್ಥಾಪಿಸಿದ ಲೈವ್ಲಿಹುಡ್ಸ್ ನಿಧಿ ಮೊದಲೇ ಕೊಟ್ಟಿತು. ಬದಲಿಗೆ ಕ್ರೆಡಿಟ್ ಆ ಕಂಪನಿಗಳಿಗೆ. ಹಣ್ಣು, ಕಾಫಿಯ ಆದಾಯ ಬೆಳೆಗಾರರಿಗೆ. ಅಲ್ಲಿಯ ಬೆಳೆಗಾರನ ನಿಜವಾದ ಲಾಭ ಇಂಗಾಲದ ಚೆಕ್ಕಿನಿಂದಲ್ಲ, ಆ ಹಣದಿಂದ ಎದ್ದ ತೋಟದಿಂದ ಬಂದದ್ದು. ಇದನ್ನು ನಾವು ಚೆನ್ನಾಗಿ ಮನಸ್ಸಿನಲ್ಲಿಡಬೇಕು.

ಸಿಪ್ಪೆಯ ಇದ್ದಿಲು, ಕರಿಕಲ್ಲಿನ ಪುಡಿ

ಬಹುಕಾಲ ಉಳಿಯುವ ಇಂಗಾಲಕ್ಕೆ ಹೆಚ್ಚು ಬೆಲೆ ಎಂದೆವು. ಆ ಬಗೆಯ ಎರಡು ಕೆಲಸಕ್ಕೆ ಬೇಕಾದ ಸಾಮಗ್ರಿ ನಮ್ಮ ಜಿಲ್ಲೆಯಲ್ಲೇ ಇದೆ.

ಮೊದಲನೆಯದು ಇದ್ದಿಲು. ಅಡಕೆ ಸಿಪ್ಪೆ, ಕಾಫಿ ಹೊಟ್ಟು, ತೆಂಗಿನ ಚಿಪ್ಪು, ಸವರಿದ ಕೊಂಬೆ ಇವುಗಳನ್ನು ಬಯಲಿನಲ್ಲಿ ಸುಟ್ಟರೆ ಇಂಗಾಲವೆಲ್ಲ ಗಾಳಿಗೆ. ಗಾಳಿಯಾಡದ ಗೂಡಿನಲ್ಲಿ ಬೇಯಿಸಿದರೆ ಇದ್ದಿಲಾಗುತ್ತದೆ. ಆ ಇದ್ದಿಲನ್ನು ಪುಡಿ ಮಾಡಿ ಗೊಬ್ಬರದೊಡನೆ ಮಣ್ಣಿಗೆ ಸೇರಿಸಿದರೆ ಅದರ ಬಹುಪಾಲು ನೂರಾರು ವರ್ಷ ಕೊಳೆಯದೆ ಉಳಿಯುತ್ತದೆ. ಮರಕ್ಕೆ ಬೆಂಕಿಯ ಭಯ, ಕಡಿಯುವ ಭಯ. ಮಣ್ಣಿಗೆ ಸೇರಿದ ಇದ್ದಿಲಿಗೆ ಅದು ಇಲ್ಲ. ಆದ್ದರಿಂದ ಇದಕ್ಕೆ ಟನ್ನಿಗೆ ನೂರು ಡಾಲರಿಗೂ ಮೇಲ್ಪಟ್ಟು ಕೊಡುವ ಕೊಳ್ಳುಗರಿದ್ದಾರೆ. 2025ರ ಜನವರಿಯಲ್ಲಿ ಗೂಗಲ್ ಕಂಪನಿ, ವರಾಹ ಎಂಬ ಭಾರತೀಯ ಕಂಪನಿಯಿಂದ 2030ರೊಳಗೆ ಇಂತಹ ಒಂದು ಲಕ್ಷ ಟನ್ ಕೊಳ್ಳಲು ಒಪ್ಪಿತು. ಅದರ ಕಚ್ಚಾವಸ್ತು ಗುಜರಾತಿನ ಬಳ್ಳಾರಿ ಜಾಲಿ.

ಒಂದು ಟನ್ ಒಣ ಸಿಪ್ಪೆಯಲ್ಲಿ ಕಾಲು ಭಾಗ ಇದ್ದಿಲು ಬಂದು, ಅದರಲ್ಲಿ ನೂರಕ್ಕೆ ಎಪ್ಪತ್ತು ಇಂಗಾಲವಿದ್ದರೆ, ಇಂಗಾಲಾಮ್ಲದ ಲೆಕ್ಕದಲ್ಲಿ ಸುಮಾರು 640 ಕಿಲೋ. ಸಾಗಾಟ, ಗೂಡಿನ ಹೊಗೆ ಮುಂತಾದ ಕಡಿತ ಕಳೆದು ಅರ್ಧ ಟನ್ ಎನ್ನೋಣ. ಒಬ್ಬ ಸದಸ್ಯನ ಸಿಪ್ಪೆ ಏನೂ ಸಾಲದು. ನೂರು ಸದಸ್ಯರ ಸಿಪ್ಪೆ ಒಂದು ಗೂಡಿಗೆ ಬಂದರೆ ಯೋಚಿಸಬಹುದು. ಹಣ ಬಾರದಿದ್ದರೂ ಇದ್ದಿಲು ಬೆರೆತ ಗೊಬ್ಬರ ನಮ್ಮ ತೋಟಕ್ಕೇ ಉಳಿಯುತ್ತದೆ. ಆದರೆ ಒಂದು ಎಚ್ಚರಿಕೆ: ಸಿಪ್ಪೆಯನ್ನು ಮರದ ಬುಡಕ್ಕೆ ಹೊದಿಕೆಯಾಗಿ ಬಳಸುವವರು ಅದನ್ನು ಬಿಡಬಾರದು. ಸುಡುವ ಸಿಪ್ಪೆ, ರಸ್ತೆಬದಿಗೆ ಸುರಿಯುವ ಸಿಪ್ಪೆ ಮಾತ್ರ ಈ ಲೆಕ್ಕಕ್ಕೆ.

ಎರಡನೆಯದು ಕಲ್ಲಿನ ಪುಡಿ. ಮಳೆನೀರು ಗಾಳಿಯ ಇಂಗಾಲಾಮ್ಲವನ್ನು ಕರಗಿಸಿಕೊಂಡು, ಸೋಡಾ ನೀರಿನಂತೆ ತುಸು ಹುಳಿಯಾಗಿ, ಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ. ಆಗ ಆ ಇಂಗಾಲ ಉಪ್ಪಿನ ರೂಪದಲ್ಲಿ ಹೊಳೆ ಸೇರಿ ಸಮುದ್ರಕ್ಕೆ ಹೋಗಿ ಸಾವಿರಾರು ವರ್ಷ ಉಳಿಯುತ್ತದೆ. ಕಪ್ಪು ಶಿಲೆಯನ್ನು ನುಣ್ಣಗೆ ಪುಡಿ ಮಾಡಿ ಹೊಲಕ್ಕೆ ಹಾಕಿದರೆ ಈ ಕೆಲಸ ಬೇಗ ಆಗುತ್ತದೆ. ಛತ್ತೀಸಗಢ ಮುಂತಾದೆಡೆಯ ಸಣ್ಣ ರೈತರ ಗದ್ದೆಗಳಲ್ಲಿ ಇದನ್ನು ಮಾಡುತ್ತಿರುವ ಮಾಟಿ ಕಾರ್ಬನ್ ಸಂಸ್ಥೆ 2025ರ ಏಪ್ರಿಲಿನಲ್ಲಿ ಐದು ಕೋಟಿ ಡಾಲರಿನ ಎಕ್ಸ್‌ಪ್ರೈಜ್ ಬಹುಮಾನ ಗೆದ್ದಿತು. ಡಾರ್ಜಿಲಿಂಗಿನ ಚಹಾ ತೋಟಗಳಲ್ಲಿ ಆಲ್ಟ್ ಕಾರ್ಬನ್ ಎಂಬ ಕಂಪನಿ ಇದೇ ಕೆಲಸ ಮಾಡುತ್ತಿದೆ.

ಚಾಮರಾಜನಗರದ ಕರಿಕಲ್ಲು ದೇಶವಿದೇಶಗಳಿಗೆ ಹೋಗಿದೆ. ವ್ಯಾಪಾರದಲ್ಲಿ ಗ್ರಾನೈಟ್ ಎಂದರೂ ಭೂವಿಜ್ಞಾನಿಗಳು ಅದನ್ನು ಡಾಲರೈಟ್ ಎನ್ನುತ್ತಾರೆ. ಅದು ಗದ್ದೆಗೆ ಹಾಕುತ್ತಿರುವ ಬಸಾಲ್ಟ್ ಕಲ್ಲಿನ ಜಾತಿಯದೇ. ಗಣಿಗಳ ಬಳಿ ಅದರ ತುಂಡು, ಪುಡಿ ಗುಡ್ಡೆ ಬಿದ್ದಿದೆ. ಹಾಗೆಂದು ಯಾರೂ ನಾಳೆಯೇ ಟ್ರಾಕ್ಟರಿನಲ್ಲಿ ಹೇರಿಕೊಂಡು ಬರಬಾರದು. ಪುಡಿಯಲ್ಲಿ ನಿಕ್ಕಲ್, ಕ್ರೋಮಿಯಂ ಲೋಹಗಳು ಎಷ್ಟಿವೆ ಎಂಬ ಪರೀಕ್ಷೆ ಆಗದೆ ಮಣ್ಣಿಗೆ ಹಾಕುವಂತಿಲ್ಲ. ಈ ವಿಧಾನ ಮಳೆ ಹೆಚ್ಚಿರುವ, ಹುಳಿ ಮಣ್ಣಿನಲ್ಲಿ ಚೆನ್ನಾಗಿ ನಡೆಯುತ್ತದೆ. ಕಾಫಿಗೆ ಸುಣ್ಣ ಹಾಕುವ ಬೆಟ್ಟದ ತೋಟಗಳಿಗೆ ಹೊಂದೀತು, ಮಳೆ ಕಡಿಮೆಯಿರುವ ಬಯಲಿಗೆ ಅಷ್ಟಾಗಿ ಅಲ್ಲ.

ಕರಾರು ಓದುವಾಗ ನೋಡಬೇಕಾದವು

(1) ಕರಾರು ಕನ್ನಡದಲ್ಲಿ ಇದೆಯೇ? ತಕರಾರು ಬಂದಾಗ ಯಾವ ಊರಿನ ನ್ಯಾಯಾಲಯ? ದೆಹಲಿ, ಸಿಂಗಪುರ ಎಂದಿದ್ದರೆ ನಮ್ಮಿಂದಾಗದು.

(2) ಅವಧಿ ಎಷ್ಟು? ನಡುವೆ ಬಿಟ್ಟುಹೋಗುವ ದಾರಿ ಇದೆಯೇ, ಅದಕ್ಕೆ ದಂಡವೆಷ್ಟು?

(3) ಪಾಲು ಎಷ್ಟು? ನೂರಕ್ಕೆ ಅರವತ್ತು ಎಂದರೆ ಮಾರಾಟದ ಬೆಲೆಯಲ್ಲೋ, ಖರ್ಚು ಕಳೆದ ಮೇಲೋ? ಎರಡಕ್ಕೂ ಅಜಗಜಾಂತರ. ಮಾರಿದ ಬೆಲೆಯ ರಸೀದಿ ನೋಡುವ ಹಕ್ಕು ನಮಗಿದೆಯೇ?

(4) ಜಮೀನು ಯಾರ ಹೆಸರಿನಲ್ಲಿದೆ? ಜಂಟಿ ಖಾತೆ, ಪೋಡಿಯಾಗದ ಜಮೀನು, ತೀರಿಕೊಂಡ ತಂದೆಯ ಹೆಸರಿನ ಪಹಣಿ ಇರುವವರು ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು. ಒಬ್ಬ ಅಣ್ಣ ಹಾಕಿದ ರುಜು ನಾಳೆ ತಮ್ಮಂದಿರ ಜಗಳಕ್ಕೆ ಕಾರಣವಾದೀತು. ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಪಡೆದ ಸೋಲಿಗ ಬೆಳೆಗಾರರು ತಮ್ಮ ಗ್ರಾಮಸಭೆಯಲ್ಲಿ ಚರ್ಚಿಸದೆ ಮುಂದುವರಿಯಬಾರದು.

(5) ಅದೇ ಜಮೀನಿನ ಮೇಲೆ ಬ್ಯಾಂಕಿನ ಸಾಲವಿದೆಯೇ? ಕರಾರು ಋಣಭಾರವಾಗಿ ನಿಂತರೆ ಮುಂದಿನ ಸಾಲಕ್ಕೆ, ಮಾರಾಟಕ್ಕೆ, ವಿಭಾಗಕ್ಕೆ ಅಡ್ಡಿಯಾಗಬಹುದು.

(6) ಒಂದೇ ಮರವನ್ನು ಇಬ್ಬರಿಗೆ ಬರೆದುಕೊಡಬಾರದು. ಯೂರೋಪಿನ ಅರಣ್ಯನಾಶ ನಿಯಮದ ಸಲುವಾಗಿ ಕಾಫಿ ಮಂಡಳಿಯಲ್ಲಿ ತೋಟದ ಗಡಿ ಗುರುತಿಸಿ ನೋಂದಾಯಿಸುವುದು ಬೇರೆ, ಇಂಗಾಲದ ಹಕ್ಕು ಬರೆದುಕೊಡುವುದು ಬೇರೆ. ಒಂದಕ್ಕೆಂದು ಪಡೆದ ನಕ್ಷೆ, ಆಧಾರ್ ಪ್ರತಿಗಳನ್ನು ಇನ್ನೊಂದಕ್ಕೆ ಕೊಡಬೇಡಿ.

(7) ಬರುವ ಹಣ ಕೃಷಿ ಆದಾಯವೇ ಅಲ್ಲವೇ ಎಂಬುದನ್ನು ಲೆಕ್ಕಪರಿಶೋಧಕರಲ್ಲಿ ಕೇಳಿ.

ಸಂಘದ ಸಲಹೆ

ನಮ್ಮ ಅಭಿಪ್ರಾಯ ಇಷ್ಟು. ಇಂಗಾಲದ ಪೇಟೆ ಸುಳ್ಳಲ್ಲ, ಆದರೆ ಸಣ್ಣ ಹಿಡುವಳಿದಾರನನ್ನು ಸಾಲದಿಂದ ಬಿಡಿಸುವ ಪೇಟೆಯೂ ಅಲ್ಲ. ನೆರಳಿನ ಮರ ಬೆಳೆಸುವುದು ನಮ್ಮ ಕಾಫಿಗಾಗಿ, ಮಣ್ಣಿಗಾಗಿ, ಬುಗ್ಗೆಯ ನೀರಿಗಾಗಿ. ಅದರ ಮೇಲೆ ಇಂಗಾಲದಿಂದ ನಾಲ್ಕು ಕಾಸು ಬಂದರೆ ಸಂತೋಷ. ಆ ನಾಲ್ಕು ಕಾಸಿಗಾಗಿ ಮೊಮ್ಮಕ್ಕಳ ಕೈ ಕಟ್ಟುವುದು ಬೇಡ.

ಒಬ್ಬೊಬ್ಬರೇ ಹೋದರೆ ಅವರು ಹೇಳಿದ್ದೇ ಧಾರಣೆ. ಕಾಫಿಯನ್ನೂ ಅಡಕೆಯನ್ನೂ ಒಟ್ಟಾಗಿ ಮಾರುವುದಕ್ಕೆಂದೇ ನಮ್ಮ ಹಿರಿಯರು ಸಂಘ ಕಟ್ಟಿದ್ದು. ಇಂಗಾಲಕ್ಕೂ ಅದೇ ನೀತಿ ಇರಲಿ. ಮುಂದಿನ ಮಹಾಸಭೆಯ ಮುಂದೆ ಆಡಳಿತ ಮಂಡಳಿ ಎರಡು ಠರಾವು ಇಡಲಿದೆ. ಇಂತಹ ಯಾವ ಕರಾರಾದರೂ ಸಂಘದ ಮೂಲಕ, ವಕೀಲರು ನೋಡಿದ ಮೇಲೆ, ಹೆಚ್ಚೆಂದರೆ ಇಪ್ಪತ್ತು ವರ್ಷದ ಅವಧಿಗೆ ಮಾತ್ರ ಆಗಬೇಕೆಂಬುದು ಒಂದು. ಅಡಕೆ ಸಿಪ್ಪೆ, ಕಾಫಿ ಹೊಟ್ಟಿನಿಂದ ಇದ್ದಿಲು ಮಾಡುವ ಒಂದು ಪ್ರಾಯೋಗಿಕ ಗೂಡನ್ನು ಸಂಘದ ಆವರಣದಲ್ಲಿ ಹಾಕಿ ನೋಡುವುದು ಇನ್ನೊಂದು. ಬರುವಾಗ ಸದಸ್ಯರು ತಮ್ಮಲ್ಲಿ ವರ್ಷಕ್ಕೆ ಎಷ್ಟು ಸಿಪ್ಪೆ ಸುಡುತ್ತಾರೆ ಎಂಬ ಅಂದಾಜನ್ನು ಚೀಟಿಯಲ್ಲಿ ಬರೆದು ತರಬೇಕಾಗಿ ವಿನಂತಿ.

ಮೇಲೆ ಹೇಳಿದ ಹಿರಿಯರಿಗೆ ಅವರ ಪತ್ರವನ್ನು ಕೆಂಪು ಶಾಯಿಯ ಗುರುತುಗಳೊಡನೆ ಹಿಂದಿರುಗಿಸಿದ್ದೇವೆ. ಅವರು ಮಗನನ್ನೂ ಕರೆದುಕೊಂಡು ಮಹಾಸಭೆಗೆ ಬರುತ್ತೇನೆ ಎಂದಿದ್ದಾರೆ. ಈಗಾಗಲೇ ರುಜು ಹಾಕಿರುವ ಸದಸ್ಯರು ಯಾರಾದರೂ ಇದ್ದರೆ ಸಂಕೋಚಪಡದೆ ಪ್ರತಿಯೊಂದನ್ನು ಕಚೇರಿಗೆ ತಂದು ತೋರಿಸಬೇಕು. ಬಿಡಿಸಿಕೊಳ್ಳುವ ಕಲಮು ಇದೆಯೇ ಎಂದು ಒಟ್ಟಿಗೆ ಕುಳಿತು ನೋಡೋಣ.

ಕಾರ್ಯದರ್ಶಿ